ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ಆಕಾಶಮಾರ್ಗ ಎಷ್ಟು ದೂರ?

ಬೆಂಗಳೂರು ಹಾಗೂ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಡುವಿನ ನೇರ ವೈಮಾನಿಕ ದೂರ ಸುಮಾರು 14 ಸಾವಿರ ಕಿಲೋಮೀಟರ್. ಮೈಲಿಗಳಲ್ಲಿ ಇದು ಸುಮಾರು 8,700. ವಿಮಾನಯಾನದಲ್ಲಿ ಬಳಕೆಯಲ್ಲಿರುವ ನಾಟಿಕಲ್ ಮೈಲಿಗಳಲ್ಲಿ ಸುಮಾರು 7,550. ಸಿಲಿಕಾನ್ ಕಣಿವೆಯಲ್ಲಿ ನೆಲೆಸಿದ ಮಕ್ಕಳನ್ನು ಕಾಣಲು ಹೊರಡುವ ಹಿರಿಯರಿಗೂ, ಉದ್ಯೋಗಕ್ಕಾಗಿ ತೆರಳುವ ತಂತ್ರಜ್ಞರಿಗೂ ಮೊದಲು ಎದುರಾಗುವ ಅಂಕಿ ಇದು. ಆದರೆ ವಿಮಾನ ಕ್ರಮಿಸುವ ದೂರ ಇದಕ್ಕಿಂತ ಹೆಚ್ಚು.

ಗೋಳದ ಮೇಲಿನ ಗೆರೆ

ಈ ಎರಡು ನಗರಗಳ ನಡುವೆ ಸುಮಾರು 160 ಡಿಗ್ರಿ ರೇಖಾಂಶಗಳ ಅಂತರವಿದೆ. ಅಂದರೆ ಇವು ಭೂಮಿಯ ಬಹುತೇಕ ವಿರುದ್ಧ ಮಗ್ಗುಲುಗಳಲ್ಲಿವೆ. ಭೂಗೋಳದ ಮಾದರಿಯ ಮೇಲೆ ಎರಡರ ನಡುವೆ ದಾರವೊಂದನ್ನು ಬಿಗಿಯಾಗಿ ಹಿಡಿದರೆ ಅದು ಹಿಮಾಲಯ, ಟಿಬೆಟ್, ಸೈಬೀರಿಯಾ ದಾಟಿ, ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಅಲಾಸ್ಕಾದ ಮೇಲಿಂದ ಕೆಳಗಿಳಿಯುತ್ತದೆ. ಅತ್ಯಂತ ಹತ್ತಿರದ ದಾರಿ ಇದೇ.

ಹಿಮಾಲಯದ ಅಡ್ಡಿ

ಆದರೆ ಈ ದಾರಿ ವಿಮಾನಗಳಿಗೆ ಸುಗಮವಲ್ಲ. ವಿಮಾನದೊಳಗಿನ ಗಾಳಿಯ ಒತ್ತಡ ಹಠಾತ್ತನೆ ಕುಸಿದರೆ ಪೈಲಟ್ ಸುಮಾರು 3 ಸಾವಿರ ಮೀಟರ್ ಎತ್ತರಕ್ಕೆ ಇಳಿಯಬೇಕಾಗುತ್ತದೆ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ 4,500 ಮೀಟರಿಗೂ ಅಧಿಕ. ಹೀಗಾಗಿ ವಿಮಾನಗಳು ಸಾಮಾನ್ಯವಾಗಿ ಈ ಪ್ರದೇಶವನ್ನು ಬಳಸಿಕೊಂಡು ಹೋಗುತ್ತವೆ.

2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾದ ಮೊದಲ ನೇರ ವಿಮಾನ ಉತ್ತರ ಧ್ರುವದ ಮೇಲಿಂದ ಹಾರಿ, ಜನವರಿ 11ರ ನಸುಕಿನಲ್ಲಿ ಬೆಂಗಳೂರಿಗೆ ಬಂದಿಳಿಯಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ಬೋಯಿಂಗ್ 777 ವಿಮಾನವನ್ನು ಮುನ್ನಡೆಸಿದ್ದರು. ಅದು ಕ್ರಮಿಸಿದ ದೂರ ಸುಮಾರು 16 ಸಾವಿರ ಕಿ.ಮೀ.; ತಗುಲಿದ ಸಮಯ ಸುಮಾರು 17 ಗಂಟೆ.

ದೂರ ಹೆಚ್ಚು, ಸಮಯ ಕಡಿಮೆ

ದೂರ ಹೆಚ್ಚಾದೊಡನೆ ಸಮಯವೂ ಹೆಚ್ಚಬೇಕೆಂದಿಲ್ಲ. ಎತ್ತರದ ಆಕಾಶದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಎಂಬ ರಭಸದ ಗಾಳಿ ಪೂರ್ವಾಭಿಮುಖ ವಿಮಾನಗಳನ್ನು ಮುಂದಕ್ಕೆ ತಳ್ಳುತ್ತದೆ. 2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬದಲು ಪೆಸಿಫಿಕ್ ಸಾಗರದ ಮೇಲೆ ಹಾರಿಸಿತು. ದೂರ ಸುಮಾರು 1,400 ಕಿ.ಮೀ. ಹೆಚ್ಚಾಗಿ 15,300 ಕಿ.ಮೀ. ತಲುಪಿದರೂ ಪ್ರಯಾಣ ಹದಿನಾಲ್ಕೂವರೆ ಗಂಟೆಯಲ್ಲಿ ಮುಗಿಯಿತು. ಉಳಿದ ಅವಧಿ ಸುಮಾರು ಎರಡು ಗಂಟೆ.

ದೀರ್ಘ ಮಾರ್ಗಗಳಲ್ಲಿ ತುರ್ತಾಗಿ ಇಳಿಯುವ ನೆಲೆಗಳನ್ನೂ ಮೊದಲೇ ಗುರುತಿಸಬೇಕಾಗುತ್ತದೆ. 2023ರ ಜೂನ್ 6ರಂದು ಇದೇ ದೆಹಲಿ ವಿಮಾನ ಎಂಜಿನ್ ತೊಂದರೆಯಿಂದ ರಷ್ಯದ ಮಗಡಾನ್‌ನಲ್ಲಿ ಇಳಿದಾಗ ಪ್ರಯಾಣಿಕರು ಬದಲಿ ವಿಮಾನಕ್ಕಾಗಿ ಎರಡು ದಿನ ಕಾಯಬೇಕಾಯಿತು.

ಪ್ರಯಾಣಿಕರು ಗಮನಿಸಬೇಕಾದುದು

ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಿದರೆ ಎರಡು ಹಂತಗಳ ನೇರ ದೂರ ಕ್ರಮವಾಗಿ ಸುಮಾರು 7,400 ಹಾಗೂ 9,150 ಕಿ.ಮೀ. ಒಟ್ಟು 16,500 ಕಿ.ಮೀ. ದಾಟುವ ಈ ಹಾದಿ ಧ್ರುವಮಾರ್ಗದ ಹಾರಾಟಕ್ಕಿಂತ ತೀರಾ ಉದ್ದವೇನಲ್ಲ. ನಿಜವಾದ ವ್ಯತ್ಯಾಸ ನಿಲ್ದಾಣದಲ್ಲಿ ಕಾಯುವ ಗಂಟೆಗಳದು. ನೇರ ವಿಮಾನಗಳ ಲಭ್ಯತೆ ಕಾಲಕಾಲಕ್ಕೆ ಬದಲಾಗುತ್ತಿರುತ್ತದೆ. ಚಳಿಗಾಲದಲ್ಲಿ ಬೆಂಗಳೂರು ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಮುಂದಿರುತ್ತದೆ. ಆದುದರಿಂದ ಟಿಕೆಟ್ ಕಾದಿರಿಸುವಾಗ ಕಿಲೋಮೀಟರುಗಳಿಗಿಂತ ಒಟ್ಟು ಪ್ರಯಾಣದ ಅವಧಿಯನ್ನೂ ತಲುಪುವ ದಿನಾಂಕವನ್ನೂ ಪರಿಶೀಲಿಸುವುದು ಸೂಕ್ತ.