ಸಣ್ಣ ರೆಫ್ರಿಜರೇಟರಿನ ದೋಷಪತ್ತೆ

ಸಣ್ಣ ರೆಫ್ರಿಜರೇಟರಿನ ದೋಷಪತ್ತೆ ಎಂದರೆ ಒಂದೇ ಬಾಗಿಲಿನ ಅಥವಾ ಮೇಜಿನ ಕೆಳಗೆ ಹಿಡಿಸುವ ಗಾತ್ರದ ರೆಫ್ರಿಜರೇಟರು (ಆಡುಮಾತಿನಲ್ಲಿ ಫ್ರಿಜ್) ತಂಪು ಮಾಡುವುದನ್ನು ನಿಲ್ಲಿಸಿದಾಗ ಅದರ ಕಾರಣವನ್ನು ಕ್ರಮವಾಗಿ ಕಂಡುಹಿಡಿಯುವ ವಿಧಾನ. ಇಂತಹ ದೋಷಗಳನ್ನು ಸ್ಥೂಲವಾಗಿ ಎರಡು ಗುಂಪುಗಳಾಗಿ ವಿಂಗಡಿಸಬಹುದು. ವಿದ್ಯುತ್ ಪೂರೈಕೆ, ಥರ್ಮೋಸ್ಟಾಟ್, ರಿಲೇ, ಬಾಗಿಲಿನ ರಬ್ಬರು, ಗಾಳಿಯಾಟ ಇವುಗಳಿಗೆ ಸಂಬಂಧಿಸಿದವು ಹೊರಗಿನ ದೋಷಗಳು. ಶೀತಕ ಅನಿಲದ ಸೋರಿಕೆ, ಸೂಕ್ಷ್ಮ ಕೊಳವೆಯಲ್ಲಿನ ಅಡಚಣೆ, ಕಂಪ್ರೆಸರಿನ ಒಳಗಿನ ಹಾನಿ ಇವು ಬೆಸುಗೆ ಹಾಕಿ ಮುಚ್ಚಿದ ವ್ಯವಸ್ಥೆಯ ಒಳಗಿನ ದೋಷಗಳು. ಮೊದಲ ಗುಂಪಿನವು ಸಾಮಾನ್ಯವಾಗಿ ಅಲ್ಪ ವೆಚ್ಚದಲ್ಲಿ ಸರಿಹೋಗುತ್ತವೆ. ಎರಡನೆಯ ಗುಂಪಿನವುಗಳ ದುರಸ್ತಿಗೆ ತಗಲುವ ಹಣ ಹಳೆಯ ಸಣ್ಣ ಫ್ರಿಜ್ಜಿನ ಬೆಲೆಯನ್ನೇ ಮೀರಬಹುದು. ಆದ್ದರಿಂದ ‘ಗ್ಯಾಸ್ ಹೋಗಿದೆ’ ಎಂಬ ತೀರ್ಮಾನಕ್ಕೆ ಬರುವ ಮುನ್ನ ಹೊರಗಿನ ಕಾರಣಗಳನ್ನು ಒಂದೊಂದಾಗಿ ಪರಿಶೀಲಿಸಿ ಬದಿಗಿಡುವುದು ದೋಷಪತ್ತೆಯ ಮೂಲತತ್ವವಾಗಿದೆ.

ಕಾರ್ಯವಿಧಾನ

ಫ್ರಿಜ್ಜು ತಂಪನ್ನು ಉತ್ಪಾದಿಸುವುದಿಲ್ಲ. ಒಳಗಿನ ಶಾಖವನ್ನು ಹೊರಕ್ಕೆ ಸಾಗಿಸುತ್ತದೆ. ಕಂಪ್ರೆಸರು ಶೀತಕದ ಆವಿಯನ್ನು ಒತ್ತಿದಾಗ ಅದು ಬಿಸಿಯಾಗಿ ಹಿಂಬದಿಯ ಕಪ್ಪು ಜಾಲರಿಯ (ಕಂಡೆನ್ಸರ್) ಮೂಲಕ ಹಾದುಹೋಗುವಾಗ ಶಾಖವನ್ನು ಬಿಟ್ಟು ದ್ರವವಾಗುತ್ತದೆ. ಈಚಿನ ಅನೇಕ ಮಾದರಿಗಳಲ್ಲಿ ಜಾಲರಿ ಹೊರಗೆ ಕಾಣುವುದಿಲ್ಲ. ಕೊಳವೆಗಳು ಪಕ್ಕದ ತಗಡಿನ ಒಳಗೆ ಅಡಗಿರುತ್ತವೆ. ಹೀಗಾಗಿ ಪಕ್ಕಗಳು ಬಿಸಿಯಾಗುವುದು ದೋಷವಲ್ಲ, ಯಂತ್ರ ಕೆಲಸ ಮಾಡುತ್ತಿರುವುದರ ಲಕ್ಷಣ. ದ್ರವವು ಕೂದಲೆಳೆಯಂತಹ ರಂಧ್ರವುಳ್ಳ ತಾಮ್ರದ ಸೂಕ್ಷ್ಮ ಕೊಳವೆಯನ್ನು ದಾಟಿ, ಮೇಲ್ಭಾಗದ ಐಸ್ ಪೆಟ್ಟಿಗೆಯ ಗೋಡೆಯೊಳಗಿನ ಕಾಲುವೆಗಳಲ್ಲಿ ಕಡಿಮೆ ಒತ್ತಡಕ್ಕೆ ಬಂದು ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಅದು ಆಹಾರದಿಂದ ಹೀರಿಕೊಳ್ಳುತ್ತದೆ. ಥರ್ಮೋಸ್ಟಾಟಿನ ತೆಳುವಾದ ಲೋಹದ ನಾಳ ಈ ಪೆಟ್ಟಿಗೆಗೆ ತಾಗಿಕೊಂಡಿದ್ದು, ಉಷ್ಣಾಂಶಕ್ಕೆ ಅನುಗುಣವಾಗಿ ಕಂಪ್ರೆಸರನ್ನು ಚಾಲೂ ಮಾಡುತ್ತದೆ, ನಿಲ್ಲಿಸುತ್ತದೆ.

ಒಳಗಿನ ಆಹಾರ ಮತ್ತು ಔಷಧ

ದೋಷವನ್ನು ಹುಡುಕುವುದಕ್ಕೆ ಮೊದಲು ಒಳಗಿರುವ ವಸ್ತುಗಳ ಬಗ್ಗೆ ನಿರ್ಧರಿಸುವುದು ಅಗತ್ಯ. ಬಾಗಿಲು ಮುಚ್ಚಿಯೇ ಇದ್ದರೆ ಫ್ರಿಜ್ಜಿನ ತಂಪು ಸುಮಾರು 4 ಗಂಟೆ ಉಳಿಯುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಸಣ್ಣ ಮಾದರಿಗಳಲ್ಲಿ, ಅದರಲ್ಲೂ ಅರ್ಧ ಖಾಲಿಯಿದ್ದರೆ, ಇದು ಇನ್ನೂ ಕಡಿಮೆ. ಬೇಯಿಸಿದ ಆಹಾರವನ್ನು ಕೋಣೆಯ ಉಷ್ಣಾಂಶದಲ್ಲಿ 2 ಗಂಟೆಗಿಂತ ಹೆಚ್ಚು ಇಡಬಾರದು, ಕೆಡುವ ಆಹಾರವನ್ನು 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇರಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಆಹಾರ ಸುರಕ್ಷತಾ ಸೂತ್ರಗಳು ಹೇಳುತ್ತವೆ. ವಾಸನೆ ಮತ್ತು ರುಚಿಯನ್ನು ನಂಬಿ ತೀರ್ಮಾನಿಸುವುದು ಸರಿಯಲ್ಲ. ರೋಗಕಾರಕ ಬ್ಯಾಕ್ಟೀರಿಯಾಗಳು ವಾಸನೆಯನ್ನು ಬದಲಿಸದೆಯೂ ಬೆಳೆಯಬಲ್ಲವು.

ಬಳಸದೆ ಇಟ್ಟ ಇನ್ಸುಲಿನ್ನಿಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಬೇಕು. ಫ್ರಿಜ್ಜು ಕೆಟ್ಟಾಗ ಅದನ್ನು ಐಸ್ ತುಂಡುಗಳಿಗೆ ನೇರವಾಗಿ ತಾಗಿಸಿಡುವ ರೂಢಿ ಅಪಾಯಕಾರಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಕೆಗೆ ಯೋಗ್ಯವಲ್ಲ.

ಕಂಪ್ರೆಸರು ಓಡದಿದ್ದಾಗ

ಒಳಗಿನ ದೀಪ ಉರಿಯುತ್ತಿದೆಯೇ ಎಂಬುದು ಮೊದಲ ಸುಳಿವು. ದೀಪವೂ ಉರಿಯದಿದ್ದರೆ ಗೋಡೆಯ ಸಾಕೆಟ್ಟು, ಪ್ಲಗ್ಗು, ಸ್ಟೆಬಿಲೈಜರು ಇವುಗಳಲ್ಲಿ ದೋಷವಿರುವ ಸಂಭವ ಹೆಚ್ಚು. ಅದೇ ಸಾಕೆಟ್ಟಿಗೆ ಬೇರೊಂದು ಉಪಕರಣವನ್ನು ಜೋಡಿಸಿ ನೋಡಿದರೆ ಇದು ತಿಳಿಯುತ್ತದೆ. ದೀಪ ಉರಿದೂ ಕಂಪ್ರೆಸರು ನಿಶ್ಶಬ್ದವಾಗಿದ್ದರೆ ಗಮನ ಥರ್ಮೋಸ್ಟಾಟಿನ ಕಡೆ ಹರಿಯಬೇಕು. ಭಾರತದಲ್ಲಿ ಮಾರಾಟವಾಗುವ ಒಂದು ಬಾಗಿಲಿನ ಅನೇಕ ಫ್ರಿಜ್ಜುಗಳಲ್ಲಿ ಥರ್ಮೋಸ್ಟಾಟ್ ತಿರುಗುಣಿಯ ನಡುವೆ ಐಸ್ ಕರಗಿಸುವ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಕಂಪ್ರೆಸರು ನಿಂತು, ಐಸ್ ಕರಗಿದ ಮೇಲೆ ತಾನಾಗಿಯೇ ಚಾಲೂ ಆಗಬೇಕು. ಈ ಗುಂಡಿ ಒಳಗೇ ಸಿಕ್ಕಿಕೊಂಡರೆ ಫ್ರಿಜ್ಜು ಮತ್ತೆ ಓಡುವುದಿಲ್ಲ. ಮೆಕ್ಯಾನಿಕ್ ಬಂದು ಗುಂಡಿಯನ್ನು ಬಿಡಿಸಿ ಹೋದ ಕಥೆಗಳು ಅಪರೂಪವಲ್ಲ. ತಿರುಗುಣಿ ಶೂನ್ಯದ ಮೇಲೆ ನಿಂತಿರುವುದು ಇನ್ನೊಂದು ಸಾಮಾನ್ಯ ಕಾರಣ. ಥರ್ಮೋಸ್ಟಾಟಿನ ನಾಳದೊಳಗಿನ ಅನಿಲ ಸೋರಿಹೋಗಿದ್ದರೆ ಅದರ ಸಂಪರ್ಕ ಎಂದಿಗೂ ಮುಚ್ಚುವುದಿಲ್ಲ. ಆಗ ಥರ್ಮೋಸ್ಟಾಟನ್ನೇ ಬದಲಿಸಬೇಕಾಗುತ್ತದೆ.

ಗುಂಯ್‌ಗುಟ್ಟಿ ನಿಲ್ಲುವ ಕಂಪ್ರೆಸರು

ಕಂಪ್ರೆಸರು ಕೆಲವು ಕ್ಷಣ ಗುಂಯ್‌ಗುಟ್ಟಿ, ‘ಟಿಕ್’ ಎಂಬ ಸದ್ದಿನೊಂದಿಗೆ ನಿಂತು, ಕೆಲವು ನಿಮಿಷಗಳ ನಂತರ ಮತ್ತೆ ಅದನ್ನೇ ಪುನರಾವರ್ತಿಸುವುದು ಬಹಳ ಪರಿಚಿತ ಲಕ್ಷಣ. ಮೋಟಾರು ತಿರುಗಲಾರದೆ ಅತಿಯಾದ ವಿದ್ಯುತ್ ಸೆಳೆದಾಗ ಓವರ್‌ಲೋಡ್ ಎಂಬ ರಕ್ಷಕ ಬಿಲ್ಲೆ ಬಿಸಿಯಾಗಿ ಸಂಪರ್ಕವನ್ನು ಕಡಿಯುವ ಸದ್ದು ಅದು. ಕಾರಣಗಳು ಮುಖ್ಯವಾಗಿ ಮೂರು.

ಮೊದಲನೆಯದು ಕಡಿಮೆ ವೋಲ್ಟೇಜ್. ಭಾರತದಲ್ಲಿ ಮನೆಗಳ ಪೂರೈಕೆ 230 ವೋಲ್ಟ್ ಎಂದಿದ್ದರೂ ಟ್ರಾನ್ಸ್‌ಫಾರ್ಮರಿನಿಂದ ದೂರವಿರುವ ಹಳ್ಳಿಯ ಮನೆಗಳಲ್ಲಿ, ಪಂಪ್‌ಸೆಟ್ಟುಗಳು ಓಡುವ ಹೊತ್ತಿನಲ್ಲಿ, ಅದು ಬಹಳ ಕುಸಿಯುತ್ತದೆ. ದೀಪ ಮಂಕಾಗಿ ಉರಿದರೂ ಉರಿಯುತ್ತದೆ. ಕಂಪ್ರೆಸರು ಮಾತ್ರ ಅಷ್ಟರಲ್ಲಿ ಹೊರಡಲಾರದು. ರಾತ್ರಿ ಸರಿಯಾಗಿ ಓಡಿ ಹಗಲು ಕೈಕೊಡುವ ಫ್ರಿಜ್ಜಿನಲ್ಲಿ ಮೊದಲು ಅಳೆಯಬೇಕಾದುದು ವೋಲ್ಟೇಜನ್ನು.

ಎರಡನೆಯದು ಸ್ಟಾರ್ಟಿಂಗ್ ರಿಲೇ. ಕಂಪ್ರೆಸರಿನ ಪಕ್ಕದ ಪ್ಲಾಸ್ಟಿಕ್ ಮುಚ್ಚಳದಡಿ ಇರುವ ಈ ಚಿಕ್ಕ ಭಾಗವು ಮೋಟಾರಿನ ಆರಂಭಿಕ ಸುರುಳಿಗೆ ಕ್ಷಣಕಾಲ ವಿದ್ಯುತ್ ಹರಿಸುತ್ತದೆ. ಹೆಚ್ಚಿನ ಫ್ರಿಜ್ಜುಗಳಲ್ಲಿ ಇದು ಪಿಟಿಸಿ ಎಂಬ ಬಿಲ್ಲೆ. ಬಿಸಿಯಾದಂತೆ ಇದರ ವಿದ್ಯುತ್ ರೋಧ ವಿಪರೀತವಾಗಿ ಏರಿ ಆ ಸುರುಳಿಯನ್ನು ಮಂಡಲದಿಂದ ಹೊರಗಿಡುತ್ತದೆ. ಕಳಚಿದ ಪಿಟಿಸಿ ರಿಲೇಯನ್ನು ಕಿವಿಯ ಬಳಿ ಅಲುಗಾಡಿಸಿದಾಗ ಚೂರುಗಳ ಗಲಗಲ ಸದ್ದು ಬಂದರೆ ಬಿಲ್ಲೆ ಒಡೆದಿದೆ ಎಂದರ್ಥ. ಆದರೆ ಹಳೆಯ ಸುರುಳಿ ಮಾದರಿಯ ರಿಲೇಯಲ್ಲಿ ಸರಿಯುವ ಕಬ್ಬಿಣದ ತುಂಡೊಂದು ಇರುವುದರಿಂದ ಅದು ಸುಸ್ಥಿತಿಯಲ್ಲಿಯೂ ಸದ್ದು ಮಾಡುತ್ತದೆ. ಬಿಸಿಯಾದ ಪಿಟಿಸಿ ತಣಿಯಲು ಮತ್ತು ಕೊಳವೆಗಳಲ್ಲಿನ ಒತ್ತಡ ಸಮವಾಗಲು ಕೆಲವು ನಿಮಿಷ ಬೇಕು. ಕರೆಂಟು ಹೋಗಿ ತಕ್ಷಣ ಬಂದಾಗ ಸುಸ್ಥಿತಿಯ ಕಂಪ್ರೆಸರೂ ಎಡವುವುದು ಈ ಕಾರಣದಿಂದ. ಕನಿಷ್ಠ 5 ನಿಮಿಷ ಬಿಟ್ಟು ಚಾಲೂ ಮಾಡುವುದು ವಾಡಿಕೆ.

ಮೂರನೆಯದು ಕಂಪ್ರೆಸರು ಒಳಗೇ ಬಿಗಿದುಕೊಂಡಿರುವುದು ಅಥವಾ ಅದರ ಸುರುಳಿ ಸುಟ್ಟಿರುವುದು. ಪ್ಲಗ್ಗನ್ನು ತೆಗೆದ ಮೇಲೆ ಮೂರು ಕಡ್ಡಿಗಳ ನಡುವಿನ ರೋಧವನ್ನು ಮಲ್ಟಿಮೀಟರಿನಿಂದ ಅಳೆಯಲಾಗುತ್ತದೆ. ಎರಡು ಜೋಡಿಗಳ ಮೊತ್ತ ಮೂರನೆಯ ಜೋಡಿಗೆ ಸಮವಾಗಿರಬೇಕು. ಉದಾಹರಣೆಗೆ 12 ಮತ್ತು 18 ಓಮ್ ಬಂದರೆ ಮೂರನೆಯದು 30 ಓಮ್. ಯಾವುದೇ ಕಡ್ಡಿಗೂ ಕಂಪ್ರೆಸರಿನ ಹೊರಕವಚಕ್ಕೂ ನಡುವೆ ಸಂಪರ್ಕ ಕಂಡರೆ ಆ ಫ್ರಿಜ್ಜಿಗೆ ಮತ್ತೆ ವಿದ್ಯುತ್ ಕೊಡಬಾರದು. ಇನ್ವರ್ಟರ್ ಕಂಪ್ರೆಸರುಗಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅವುಗಳಲ್ಲಿ ಮೂರೂ ಅಳತೆಗಳು ಸಮವಾಗಿರುತ್ತವೆ. ಅವನ್ನು ಓಡಿಸುವುದು ರಿಲೇಯಲ್ಲ, ಎಲೆಕ್ಟ್ರಾನಿಕ್ ಬೋರ್ಡು.

ಕಂಪ್ರೆಸರು ಓಡಿದರೂ ತಂಪಾಗದಿದ್ದಾಗ

ಬಾಗಿಲಿನ ಅಂಚಿನ ರಬ್ಬರು ಗಡುಸಾಗಿ ಸಂದು ಬಿಟ್ಟರೆ ತೇವಭರಿತ ಗಾಳಿ ಒಳನುಗ್ಗುತ್ತಲೇ ಇರುತ್ತದೆ. ಬಾಗಿಲಿಗೆ ಕಾಗದದ ಚೂರನ್ನು ಸಿಕ್ಕಿಸಿ ಎಳೆದಾಗ ಅದು ತಡೆಯಿಲ್ಲದೆ ಬಂದರೆ ಆ ಜಾಗದಲ್ಲಿ ಹಿಡಿತವಿಲ್ಲ. ಕಂಡೆನ್ಸರಿನ ಮೇಲಿನ ಧೂಳು, ಗೋಡೆಗೆ ಒತ್ತಿಟ್ಟ ಹಿಂಬದಿ, ಪಕ್ಕದ ಒಲೆ ಇವು ಶಾಖ ಹೊರಹೋಗುವುದನ್ನು ತಡೆಯುತ್ತವೆ. ಫ್ರಿಜ್ಜಿನ ಮಾಹಿತಿಪಟ್ಟಿಯ ಮೇಲೆ ಮುದ್ರಿತವಾಗಿರುವ ಹವಾಮಾನ ವರ್ಗವನ್ನು ಕೊಳ್ಳುವವರು ಗಮನಿಸುವುದು ಕಡಿಮೆ. ‘ಎನ್’ ವರ್ಗದ್ದು 32 ಡಿಗ್ರಿ, ‘ಎಸ್‌ಟಿ’ 38 ಡಿಗ್ರಿ, ‘ಟಿ’ 43 ಡಿಗ್ರಿ ಸೆಲ್ಸಿಯಸ್‌ವರೆಗಿನ ಸುತ್ತಲಿನ ಉಷ್ಣಾಂಶಕ್ಕೆ ತಯಾರಾದವು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಲ್ಲಿ ‘ಎನ್’ ವರ್ಗದ ಫ್ರಿಜ್ಜು ಇಡೀ ದಿನ ಓಡಿಯೂ ತಂಪಾಗದಿದ್ದರೆ ಅದನ್ನು ಕೆಟ್ಟಿದೆ ಎನ್ನಲಾಗದು.

ಐಸ್ ಪೆಟ್ಟಿಗೆಯ ಸುತ್ತ ದಪ್ಪನೆಯ ಹಿಮ ಕಟ್ಟಿದ್ದರೆ ಅದೇ ಕಂಬಳಿಯಂತೆ ಶಾಖವನ್ನು ತಡೆಯುತ್ತದೆ: ಮೇಲೆ ಹಿಮದ ಗುಡ್ಡೆ, ಕೆಳಗೆ ಬೆಚ್ಚನೆಯ ಹಾಲು. ಇದಕ್ಕೆ ಪರಿಹಾರ ಪ್ಲಗ್ಗು ತೆಗೆದು, ಬಾಗಿಲು ತೆರೆದಿಟ್ಟು ಹಿಮವನ್ನು ತಾನಾಗಿಯೇ ಕರಗಲು ಬಿಡುವುದು. ಅವಸರ ಮಾಡುವವರು ಪೆಟ್ಟಿಗೆಯೊಳಗೆ ಬಿಸಿನೀರಿನ ಪಾತ್ರೆಯನ್ನಿಡಬಹುದು. ಚಾಕು, ಸ್ಕ್ರೂಡ್ರೈವರುಗಳಿಂದ ಹಿಮವನ್ನು ಕೆರೆಯಲೇಬಾರದು. ತೆಳುವಾದ ಅಲ್ಯೂಮಿನಿಯಂ ಗೋಡೆಯೊಳಗೆ ಶೀತಕದ ಕಾಲುವೆಗಳಿರುವುದರಿಂದ ಒಂದೇ ಏಟಿಗೆ ರಂಧ್ರ ಬಿದ್ದು, ಖರ್ಚಿಲ್ಲದೆ ಸರಿಹೋಗಬಹುದಾಗಿದ್ದ ಫ್ರಿಜ್ಜು ದುಬಾರಿ ದುರಸ್ತಿಗೆ ಬೀಳುತ್ತದೆ.

ಶೀತಕದ ಸೋರಿಕೆ ಮತ್ತು ಅಡಚಣೆ

ಮೇಲಿನ ಎಲ್ಲವೂ ಸರಿಯಿದ್ದು, ಕಂಪ್ರೆಸರು ನಿಲ್ಲದೆ ಓಡಿ, ಕಂಡೆನ್ಸರು ಬಿಸಿಯಾಗದೆ, ಐಸ್ ಪೆಟ್ಟಿಗೆಯ ಒಂದು ಮೂಲೆಯಲ್ಲಿ ಮಾತ್ರ ಹಿಮ ಕಟ್ಟುತ್ತಿದ್ದರೆ ಶೀತಕ ಕಡಿಮೆಯಾಗಿದೆ ಎಂದು ಶಂಕಿಸಬಹುದು. ಫ್ರಿಜ್ಜು ಕೆಲವು ಗಂಟೆ ತಂಪು ಮಾಡಿ, ನಿಂತು, ಆರಿಸಿಟ್ಟು ಮತ್ತೆ ಚಾಲೂ ಮಾಡಿದಾಗ ಪುನಃ ತಂಪು ಮಾಡಿದರೆ ಸೂಕ್ಷ್ಮ ಕೊಳವೆಯ ಬಾಯಲ್ಲಿ ನೀರಿನಂಶ ಹೆಪ್ಪುಗಟ್ಟುತ್ತಿರುವ ಸಂಭವವಿದೆ.

ಈಗಿನ ಸಣ್ಣ ಫ್ರಿಜ್ಜುಗಳಲ್ಲಿ ಬಹುತೇಕ ಬಳಕೆಯಲ್ಲಿರುವ ಶೀತಕ ಆರ್-600ಎ, ಅಂದರೆ ಐಸೊಬ್ಯುಟೇನ್. ಓಜೋನ್ ಪದರಕ್ಕೆ ಹಾನಿಕರವಾದ ಆರ್-12 ಅನ್ನು 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಕೈಬಿಡಲಾಯಿತು. ಅದರ ಜಾಗಕ್ಕೆ ಬಂದ ಆರ್-134ಎ ಓಜೋನಿಗೆ ಹಾನಿ ಮಾಡದಿದ್ದರೂ ಭೂಮಿಯ ತಾಪವನ್ನು ಹೆಚ್ಚಿಸುವ ಅನಿಲ. ಐಸೊಬ್ಯುಟೇನ್ ಈ ಎರಡೂ ದೃಷ್ಟಿಯಿಂದ ಉತ್ತಮ, ಆದರೆ ಬೇಗ ಹೊತ್ತಿಕೊಳ್ಳುವಂಥದ್ದು. ಗಾಳಿಯಲ್ಲಿ ಅದರ ಪ್ರಮಾಣ ಸುಮಾರು ಶೇಕಡಾ 1.8 ತಲುಪಿದರೆ ಕಿಡಿಯಿಂದ ಬೆಂಕಿ ಹತ್ತಬಲ್ಲದು. ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದಲ್ಲಿ ಶೇಖರವಾಗುತ್ತದೆ. ಮನೆಬಳಕೆಯ ಫ್ರಿಜ್ಜುಗಳಲ್ಲಿ ಅದರ ಪ್ರಮಾಣ 150 ಗ್ರಾಂ ಮೀರಬಾರದೆಂಬುದು ಅಂತರರಾಷ್ಟ್ರೀಯ ಮಾನಕದ ಮಿತಿಯಾಗಿದ್ದು, ಸಣ್ಣವುಗಳಲ್ಲಿ ಇದಕ್ಕಿಂತ ಬಹಳ ಕಡಿಮೆ ಇರುತ್ತದೆ.

ಐಸೊಬ್ಯುಟೇನ್ ಕುದಿಯುವುದು ಸುಮಾರು ಮೈನಸ್ 12 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಐಸ್ ಪೆಟ್ಟಿಗೆ ಅದಕ್ಕಿಂತ ತಣ್ಣಗಿರುವುದರಿಂದ ಯಂತ್ರ ಓಡುವಾಗ ಆ ಭಾಗದ ಒತ್ತಡ ಹೊರಗಿನ ವಾತಾವರಣಕ್ಕಿಂತ ಕಡಿಮೆಯಿರುತ್ತದೆ. ಅಲ್ಲಿ ರಂಧ್ರವಿದ್ದರೆ ಅನಿಲ ಹೊರಬರುವ ಬದಲು ಗಾಳಿ ಮತ್ತು ತೇವ ಒಳಗೆ ಸೆಳೆಯಲ್ಪಡುತ್ತವೆ. ಆದ್ದರಿಂದ ಸಾಬೂನು ನೊರೆಯ ಪರೀಕ್ಷೆಯನ್ನು ಆ ಭಾಗದಲ್ಲಿ ಯಂತ್ರ ನಿಂತಿರುವಾಗ ಮಾಡಬೇಕು. ರಂಧ್ರವನ್ನು ಮುಚ್ಚದೆ, ಫಿಲ್ಟರ್ ಡ್ರೈಯರನ್ನು ಬದಲಿಸದೆ, ನಿರ್ವಾತಗೊಳಿಸದೆ ಬರೀ ಗ್ಯಾಸ್ ತುಂಬಿಸಿದ ಫ್ರಿಜ್ಜು ಮತ್ತೆ ನಿಲ್ಲುವುದು ಖಚಿತ. ತುಂಬುವ ಪ್ರಮಾಣವನ್ನು ಅಂದಾಜಿನಿಂದಲ್ಲ, ತಕ್ಕಡಿಯಲ್ಲಿ ತೂಗಿ ನಿರ್ಧರಿಸಬೇಕು. ಐಸೊಬ್ಯುಟೇನ್ ಉಳಿದಿರುವ ಕೊಳವೆಗೆ ಬೆಸುಗೆಯ ಜ್ವಾಲೆ ತಾಗಿಸುವುದು ಪ್ರಾಣಾಪಾಯಕ್ಕೆ ದಾರಿ. ಸೋರಿಕೆ ಗೋಡೆಯ ಫೋಮಿನೊಳಗೆ ಹುದುಗಿದ ಕೊಳವೆಯಲ್ಲಿದ್ದರೆ ದುರಸ್ತಿ ಸಾಮಾನ್ಯವಾಗಿ ಲಾಭಕರವಲ್ಲ.

ಕಂಪ್ರೆಸರಿಲ್ಲದ ಸಣ್ಣ ಫ್ರಿಜ್ಜುಗಳು

ಕಾರು ಮತ್ತು ಮೇಜಿನ ಮೇಲೆ ಇಡುವ ಕೆಲವು ಪುಟ್ಟ ಪೆಟ್ಟಿಗೆಗಳು 1834ರಲ್ಲಿ ಫ್ರೆಂಚ್ ವಿಜ್ಞಾನಿ ಝಾನ್ ಪೆಲ್ಟಿಯೇ ಗುರುತಿಸಿದ ಪರಿಣಾಮವನ್ನು ಬಳಸುತ್ತವೆ. ವಿದ್ಯುತ್ ಹರಿದಾಗ ಅವುಗಳ ಬಿಲ್ಲೆಯ ಒಂದು ಮುಖ ತಣ್ಣಗಾಗಿ ಇನ್ನೊಂದು ಬಿಸಿಯಾಗುತ್ತದೆ. ಬಿಸಿ ಮುಖದ ಫ್ಯಾನು ನಿಂತರೆ ಶಾಖ ಒಳಕ್ಕೇ ಮರಳುತ್ತದೆ. ಇವುಗಳಲ್ಲಿ ಮೊದಲು ನೋಡಬೇಕಾದುದು ಫ್ಯಾನನ್ನು. ಇಂತಹವು ಸಾಮಾನ್ಯವಾಗಿ ಸುತ್ತಲಿಗಿಂತ ಸುಮಾರು 20 ಡಿಗ್ರಿಯಷ್ಟು ಮಾತ್ರ ತಂಪು ಮಾಡಬಲ್ಲವು. ಕೋಣೆಯಲ್ಲಿ 35 ಡಿಗ್ರಿ ಇದ್ದರೆ ಒಳಗೆ 15 ಡಿಗ್ರಿ ಇರುತ್ತದೆ. ನೀರಿನ ಬಾಟಲಿಗೆ ಅದು ಸಾಕು, ಹಾಲಿಗೆ ಸಾಲದು.

ಹೋಟೆಲ್ ಕೋಣೆಗಳಲ್ಲಿ ಕಾಣುವ ಸದ್ದಿಲ್ಲದ ಕೆಲವು ಫ್ರಿಜ್ಜುಗಳು ಅಮೋನಿಯಾ, ನೀರು, ಜಲಜನಕಗಳನ್ನು ಬಳಸುವ ಹೀರಿಕೆ ವಿಧಾನದವು. ಸ್ವೀಡನ್ನಿನ ಬಾಲ್ಟ್ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ವಿದ್ಯಾರ್ಥಿಗಳಾಗಿದ್ದಾಗ 1922ರಲ್ಲಿ ಇದನ್ನು ರೂಪಿಸಿದರು. ಇದರಲ್ಲಿ ದ್ರವ ಗುರುತ್ವದಿಂದ ಹರಿಯುವುದರಿಂದ ಫ್ರಿಜ್ಜು ವಾಲಿ ನಿಂತರೆ ತಂಪು ನಿಲ್ಲುತ್ತದೆ. ಅಮೋನಿಯಾದ ಘಾಟು ಅಥವಾ ಕೊಳವೆಗಳ ಮೇಲಿನ ಹಳದಿ ಕಲೆ ಸೋರಿಕೆಯ ಗುರುತು. ಅಂತಹ ಫ್ರಿಜ್ಜನ್ನು ಆರಿಸಿ, ಕಿಟಕಿ ತೆರೆದು, ಜನರನ್ನು ಕೋಣೆಯಿಂದ ಹೊರಕಳಿಸಲಾಗುತ್ತದೆ.