ಮನವಿಯಿಂದ ಸ್ವರಾಜ್ಯದತ್ತ: ಪುಣೆ ನಡೆದ ದಾರಿ

1818ರಲ್ಲಿ ಪೇಶ್ವೆಗಳ ಆಳ್ವಿಕೆ ಕೊನೆಗೊಂಡು ಪುಣೆ ಈಸ್ಟ್ ಇಂಡಿಯಾ ಕಂಪನಿಯ ವಶವಾದ ಮೇಲೆ ಅಲ್ಲಿನ ಅಸಮಾಧಾನ ಬಹುಕಾಲ ಒಂದೇ ದನಿಯಾಗಿ ಹೊಮ್ಮಲಿಲ್ಲ. ರೈತರ ಸಂಕಟ, ವಿದ್ಯಾವಂತರ ಆಕ್ಷೇಪ ಮತ್ತು ಶಸ್ತ್ರ ಹಿಡಿದವರ ರೋಷ ಬೇರೆಬೇರೆಯಾಗಿಯೇ ಹರಿದವು; ಇವು ಹತ್ತಿರವಾದ ಮೇಲಷ್ಟೇ ದೂರು ಹೋರಾಟದ ರೂಪ ತಾಳಿತು. ಮುಂಬಯಿ ಪ್ರಾಂತಕ್ಕೇ ಸೇರಿದ್ದ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳ ಕನ್ನಡಿಗರಿಗೂ ಇದರಲ್ಲಿ ಪಾಲಿತ್ತು.

ಪರ್ವತಿ ದೇವಸ್ಥಾನದ ಆಡಳಿತದ ಬಗೆಗಿನ ಅತೃಪ್ತಿಯಿಂದ ಮೊದಲಾದ ಚರ್ಚೆಯು 1870ರಲ್ಲಿ ಸಾರ್ವಜನಿಕ ಸಭೆಯ ಸ್ಥಾಪನೆಗೆ ದಾರಿ ಮಾಡಿತು. ಗಣೇಶ ವಾಸುದೇವ ಜೋಶಿಯವರು ಕಟ್ಟಿದ, ಮಹಾದೇವ ಗೋವಿಂದ ರಾನಡೆಯವರು ಬೆಳೆಸಿದ ಈ ಸಭೆಯ ಸದಸ್ಯನಾಗಲು ಕನಿಷ್ಠ 50 ಜನರ ಸಹಿಯುಳ್ಳ ಮುಖ್ತಾರನಾಮೆ, ಅಂದರೆ ತಮ್ಮ ಪರವಾಗಿ ಮಾತನಾಡಲು ಕೊಡುವ ಅಧಿಕಾರಪತ್ರ, ಬೇಕಿತ್ತು. ಚುನಾವಣೆಯೇ ಇಲ್ಲದ ಕಾಲದಲ್ಲಿ ಪ್ರಾತಿನಿಧ್ಯದ ತತ್ತ್ವ ಹೀಗೆ ಆಚರಣೆಗೆ ಬಂದರೂ, ಸಭೆಯ ಆಯುಧ ಮನವಿಪತ್ರವೇ ಆಗಿತ್ತು.

ಅದೇ ದಶಕದಲ್ಲಿ ಹಳ್ಳಿಗಳು ಬೇರೆ ಹಾದಿ ಹಿಡಿದವು. ಹೆಚ್ಚಿದ ಕಂದಾಯ, ಕುಸಿದ ಹತ್ತಿಯ ಬೆಲೆ ಮತ್ತು ಸಾಲದ ಹೊರೆಯಿಂದ ಬಸವಳಿದ ರೈತರು 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆಯಲ್ಲಿ ಸಾಹುಕಾರರ ಮೇಲೆ ತಿರುಗಿಬಿದ್ದರು. ಅವರ ಮುಖ್ಯ ಗುರಿ ಸಾಲಪತ್ರಗಳನ್ನು ಕಸಿದು ಸುಡುವುದಾಗಿತ್ತು. ಮರುವರ್ಷ ಆರಂಭವಾದ ಭೀಕರ ಬರಗಾಲವನ್ನು ಕಂಡು, ಪುಣೆಯ ಸೇನಾ ಲೆಕ್ಕಪತ್ರ ಕಚೇರಿಯಲ್ಲಿ ಗುಮಾಸ್ತರಾಗಿದ್ದ ವಾಸುದೇವ ಬಲವಂತ ಫಡಕೆಯವರು ರಾಮೋಶಿ ಮೊದಲಾದ ಸಮುದಾಯಗಳ ಯುವಕರನ್ನು ಕೂಡಿಸಿ 1879ರಲ್ಲಿ ಬಂಡಾಯವೆದ್ದರು. ಬೆನ್ನಟ್ಟಿದ ಸರ್ಕಾರಿ ಪಡೆ ಅವರನ್ನು ಜುಲೈ ತಿಂಗಳಲ್ಲಿ ಸೆರೆಹಿಡಿದದ್ದು ಕನ್ನಡ ನೆಲವಾದ ಕಲಾದಗಿ ಜಿಲ್ಲೆಯ ದೇವರ ನಾವದಗಿಯಲ್ಲಿ. ಪುಣೆಯ ನ್ಯಾಯಾಲಯದಲ್ಲಿ ಅವರ ಪರ ವಾದಿಸಿದವರು ಮನವಿಪತ್ರಗಳ ಜೋಶಿಯವರೇ ಎಂಬುದು ಎರಡು ಹಾದಿಗಳ ನಡುವಿನ ಅಂತರ ಅಳಿಸಲಾಗದ್ದಾಗಿರಲಿಲ್ಲ ಎಂಬುದಕ್ಕೆ ಸಾಕ್ಷಿ.

ಈ ಅಂತರವನ್ನು ಕಿರಿದಾಗಿಸಿದವರು ಬಾಲಗಂಗಾಧರ ತಿಲಕರು. 1881ರಲ್ಲಿ ಆರಂಭವಾದ ‘ಕೇಸರಿ’ ಪತ್ರಿಕೆ ಹಾಗೂ 1893ರಿಂದ ಸಾರ್ವಜನಿಕ ರೂಪ ಪಡೆದ ಗಣೇಶೋತ್ಸವಗಳ ಮೂಲಕ ರಾಜಕೀಯವು ಬೀದಿಗೆ ಬಂದಿತು. 1896ರಲ್ಲಿ ಮತ್ತೆ ಬರ ಬಿದ್ದಾಗ ಸಾರ್ವಜನಿಕ ಸಭೆಯ ಕಾರ್ಯಕರ್ತರು ಹಳ್ಳಿಗಳಿಗೆ ಹೋಗಿ, ಬರಗಾಲದಲ್ಲಿ ಸರ್ಕಾರ ನೀಡಬೇಕಾದ ಪರಿಹಾರವನ್ನು ವಿವರಿಸುವ ಕ್ಷಾಮ ಸಂಹಿತೆಯನ್ನು ರೈತರಿಗೆ ತಿಳಿಹೇಳಿದರು. ಮರುವರ್ಷ ಸರ್ಕಾರವು ಸಭೆಗೆ ಕೊಟ್ಟಿದ್ದ ಮನ್ನಣೆಯನ್ನು ಹಿಂತೆಗೆದುಕೊಂಡಿತು. ಪ್ಲೇಗ್ ತಪಾಸಣೆಯ ಹೆಸರಿನಲ್ಲಿ ಸೈನಿಕರು ಮನೆಗಳಿಗೆ ನುಗ್ಗಿದ್ದರಿಂದ ಕೆರಳಿದ ಚಾಪೇಕರ ಸಹೋದರರು 1897ರ ಜೂನ್ 22ರ ರಾತ್ರಿ ಅಧಿಕಾರಿ ರ‍್ಯಾಂಡ್ ಮೇಲೆ ಗುಂಡು ಹಾರಿಸಿದರು. ‘ಕೇಸರಿ’ಯ ಬರಹಗಳಿಗಾಗಿ ತಿಲಕರಿಗೆ ರಾಜದ್ರೋಹದ ಆರೋಪದ ಮೇಲೆ 18 ತಿಂಗಳ ಸಜೆಯಾಯಿತು.

ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಆಲೂರು ವೆಂಕಟರಾಯರು, ತಿಲಕರ ನಿಷ್ಠಾವಂತ ಅನುಯಾಯಿ ಗಂಗಾಧರರಾವ್ ದೇಶಪಾಂಡೆ ಮುಂತಾದವರು ಈ ರಾಜಕೀಯವನ್ನು ಕನ್ನಡ ಜಿಲ್ಲೆಗಳಲ್ಲಿ ಬೇರೂರಿಸಿದರು. ತಿಲಕರ ಹೋಂ ರೂಲ್ ಲೀಗ್, ಅಂದರೆ ಸ್ವಯಮಾಡಳಿತದ ಬೇಡಿಕೆಯ ಸಂಘಟನೆ, 1916ರ ಏಪ್ರಿಲ್‌ನಲ್ಲಿ ಬೆಳಗಾವಿಯಲ್ಲೇ ಹುಟ್ಟಿತು. ಈ ಒಗ್ಗಟ್ಟು ಪೂರ್ಣವಾಗಿತ್ತು ಎನ್ನಲಾಗದು. 1873ರಲ್ಲಿ ಪುಣೆಯಲ್ಲೇ ಸತ್ಯಶೋಧಕ ಸಮಾಜವನ್ನು ಸ್ಥಾಪಿಸಿದ ಜೋತಿರಾವ್ ಫುಲೆಯವರು, ಮೇಲ್ಜಾತಿಯವರ ಸಭೆ ಶೂದ್ರ ರೈತರ ಪರವಾಗಿ ಮಾತನಾಡಬಲ್ಲದೇ ಎಂದು ಪ್ರಶ್ನಿಸಿದ್ದರು. 50 ಸಹಿಗಳಿಂದ ಮೊದಲಾದ ಪ್ರಾತಿನಿಧ್ಯದ ಹಕ್ಕು ಲಕ್ಷಾಂತರ ಜನರ ಸ್ವರಾಜ್ಯದ ಬೇಡಿಕೆಯಾಗಿ ಬೆಳೆದರೂ, ಆ ಸ್ವರಾಜ್ಯದಲ್ಲಿ ಯಾರ ಪಾಲು ಎಷ್ಟು ಎಂಬ ಫುಲೆಯವರ ಪ್ರಶ್ನೆಗೆ ಉತ್ತರ ಕೊಡುವ ಹೊಣೆಯನ್ನು ಪುಣೆಯ ರಾಜಕೀಯವು ಮುಂದಿನ ಪೀಳಿಗೆಗೆ ದಾಟಿಸಿತು.