ಕರಿಘಟ್ಟದಿಂದ ನಾರಾಯಣದುರ್ಗಕ್ಕೆ: ಕಾಲ್ನಡೆಯಲ್ಲಿ ಓದಬೇಕಾದ ಬೆಟ್ಟಸಾಲು

ಶ್ರೀರಂಗಪಟ್ಟಣದ ಕೋಟೆಯ ಬಗ್ಗೆ ಬಂದಿರುವ ಪುಸ್ತಕಗಳಿಗೆ ಲೆಕ್ಕವಿಲ್ಲ. ಅದರ ಉತ್ತರಕ್ಕಿರುವ ಬೆಟ್ಟಗಳಿಗೆ ಮಾತ್ರ ಅಡಿಟಿಪ್ಪಣಿಯಷ್ಟೇ ಜಾಗ ಸಿಕ್ಕಿದೆ. ಕರಿಘಟ್ಟಕ್ಕೆ ಜಾತ್ರೆಗೆ ಹೋಗುತ್ತೇವೆ, ಕುಂತಿಬೆಟ್ಟಕ್ಕೆ ಪಾಂಡವರ ಕಥೆ ಕೇಳಿ ಹೋಗುತ್ತೇವೆ, ಮೇಲುಕೋಟೆಗೆ ವೈರಮುಡಿ ಉತ್ಸವಕ್ಕೆ, ನಾರಾಯಣದುರ್ಗಕ್ಕೆ ಚಾರಣಕ್ಕೆ. ನಾಲ್ಕನ್ನೂ ಒಂದೇ ಸಾಲಾಗಿ, ಒಂದೇ ರಾಜಧಾನಿಯ ಹೊರಗಾವಲಾಗಿ ನೋಡಿದವರು ಕಡಿಮೆ. ಹಾಗೆ ನೋಡಿದರೆ ಏನು ಸಿಗುತ್ತದೆ ಎಂಬುದೇ ಈ ಲೇಖನದ ವಿಷಯ.

ಮೊದಲು ಕಲ್ಲಿನ ಮಾತು. ದಕ್ಷಿಣ ಇಂಗ್ಲೆಂಡಿನ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಕಬ್ಬಿಣ ಯುಗದ ಜನ ಕಟ್ಟಿಕೊಂಡ ಕೋಟೆಗಳಿವೆ. ಡಾರ್ಸೆಟ್ಟಿನ ಮೇಡನ್ ಕ್ಯಾಸಲ್ ಅವುಗಳಲ್ಲಿ ಹೆಸರಾದದ್ದು. ಅಲ್ಲಿಯ ಕಲ್ಲು ಮೆದು, ಅಗೆದರೆ ಅಗೆಸಿಕೊಳ್ಳುತ್ತದೆ. ಹಾಗಾಗಿ ಕಂದಕ ತೋಡಿ, ತೋಡಿದ್ದನ್ನೇ ಏರಿಯಾಗಿ ಪೇರಿಸಿದರೆ ಕೋಟೆ ಆಯಿತು. ನಮ್ಮ ಬೆಟ್ಟಗಳದ್ದು ಬೇರೆ ಜಾತಿ. ಇದು ಸುಮಾರು 300 ಕೋಟಿ ವರ್ಷ ಹಳೆಯದಾದ ನೈಸ್ ಶಿಲೆಯ ಸೀಮೆ. ನಡುನಡುವೆ ಕೃಷ್ಣರಾಜಪೇಟೆ, ನಾಗಮಂಗಲಗಳ ಹೆಸರನ್ನೇ ಹೊತ್ತ ಪದರಶಿಲೆಯ ಪಟ್ಟಿಗಳಿವೆ. ಇಲ್ಲಿ ಕಂದಕ ತೋಡುವ ಮಾತೇ ಇಲ್ಲ. ಬಂಡೆಯೇ ಗೋಡೆ. ಬಂಡೆ ತಪ್ಪಿದ ಕಡೆ, ಅಂದರೆ ಮನುಷ್ಯ ಹತ್ತಬಹುದಾದ ಸಂದಿನಲ್ಲಿ ಮಾತ್ರ, ಕಲ್ಲು ಪೇರಿಸಿ ಮುಚ್ಚಿದ್ದಾರೆ. ಇಂಥ ಬೆಟ್ಟಗಳಲ್ಲಿ ಗೋಡೆ ತುಂಡುತುಂಡಾಗಿ ಕಂಡರೆ ಅದು ಹಾಳಾಗಿಯೇ ಹಾಗಾಗಿದೆ ಎನ್ನುವಂತಿಲ್ಲ. ಎಷ್ಟೋ ಕಡೆ ಕಟ್ಟಿದ್ದೇ ಅಷ್ಟು.

ಹಾಗೆಂದು ಆ ಸುಣ್ಣಕಲ್ಲನ್ನು ನೆನಪಿಸುವ ಬಿಳಿ ಮಣ್ಣು ಈ ಸಾಲಿನಲ್ಲಿ ಇಲ್ಲವೇ ಇಲ್ಲವೆನ್ನಲಾಗದು. ಮೇಲುಕೋಟೆಯ ನಾಮದ ಮಣ್ಣು ಶ್ರೀವೈಷ್ಣವರಿಗೆಲ್ಲ ಗೊತ್ತು. ಕ್ಷೀರಸಮುದ್ರದ ಶ್ವೇತದ್ವೀಪದಿಂದ ಗರುಡ ತಂದದ್ದೆಂಬ ಐತಿಹ್ಯವನ್ನೂ, ಕಾಶಿಯವರೆಗೆ ಅದು ಹೋಗುತ್ತಿತ್ತೆಂಬುದನ್ನೂ ಬಿ. ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಕೈಗೆತ್ತಿಕೊಂಡರೆ ಶಾಲೆಯ ಸೀಮೆಸುಣ್ಣದಂತೆಯೇ ಬೆರಳಿಗೆ ಅಂಟುತ್ತದೆ, ಆದರೆ ಇದು ಸುಣ್ಣವಲ್ಲ, ಜೇಡಿ. ಸುಣ್ಣಕಲ್ಲಿನ ಮೇಲೆ ಹುಳಿ ಆಮ್ಲ ಬಿದ್ದರೆ ಬುರುಗು ಏಳುತ್ತದೆ, ಜೇಡಿಯ ಮೇಲೆ ಏಳುವುದಿಲ್ಲ. ಕೋಟೆಯ ಚರಿತ್ರೆಯಲ್ಲಿ ಈ ಮಣ್ಣಿಗೇನು ಕೆಲಸ ಎನ್ನಬಹುದು. ದೂರದ ಯಾತ್ರಿಕರನ್ನೂ ವ್ಯಾಪಾರಿಗಳನ್ನೂ ಈ ಬೆಟ್ಟಕ್ಕೆ ಎಳೆದು ತಂದವು ದೇವಸ್ಥಾನ ಮತ್ತು ಈ ಮಣ್ಣು. ಮೇಲುಕೋಟೆಗೆ ಕಾವಲು ಬೇಕಾದದ್ದು ಈ ಓಡಾಟಕ್ಕಾಗಿಯೂ ಹೌದು ಎಂಬುದು ನನ್ನ ಎಣಿಕೆ.

ಸಾಲಿನ ರಾಜಕೀಯ ಎಳೆ ಹಿಡಿಯಲು ನಾಗಮಂಗಲದಿಂದ ಹೊರಡಬೇಕು. ಅಲ್ಲಿಯ ಪ್ರಭು ತಿಮ್ಮಣ್ಣ ವಿಜಯನಗರದ ಅನುಮತಿ ಪಡೆದು 1454ರಲ್ಲಿ ಶ್ರೀರಂಗಪಟ್ಟಣದ ಕೋಟೆ ಕಟ್ಟಿಸಿದನೆಂದು ಪರಂಪರೆ ಹೇಳುತ್ತದೆ. ಮಲ್ಲಿಕಾರ್ಜುನರಾಯನ ಕಾಲದಲ್ಲಿ, 1458ರಲ್ಲಿ, ಮೇಲುಕೋಟೆಯ ದೇವಾಲಯವನ್ನು ಜೀರ್ಣೋದ್ಧಾರ ಮಾಡಿಸಿದವನು ತಿಮ್ಮಣ್ಣ ದಣ್ಣಾಯಕ. ಬಯಲಿನ ಊರು, ನದಿಯ ದ್ವೀಪ, ಬೆಟ್ಟದ ಕ್ಷೇತ್ರ ಮೂರೂ ನಾಗಮಂಗಲದ ಒಂದೇ ಅಧಿಕಾರದ ಕೈಯಲ್ಲಿ ನಾಲ್ಕು ವರ್ಷದೊಳಗೆ ಸೇರಿದ್ದು ಆಕಸ್ಮಿಕವಲ್ಲ. ನಾಗಮಂಗಲದ ಕಡೆ ಹುಟ್ಟುವ ಲೋಕಪಾವನಿ ಹೊಳೆ ಹರಿದು ಬಂದು ಕಾವೇರಿಯನ್ನು ಸೇರುವುದು ಕರಿಘಟ್ಟದ ಬುಡದಲ್ಲಿ. ಆ ಕಣಿವೆಯನ್ನು ಹಿಡಿದವನಿಗೆ ಪಟ್ಟಣದ ಉತ್ತರ ಬಾಗಿಲು ಸಿಕ್ಕಂತೆಯೇ. 1630ರಲ್ಲಿ ಚಾಮರಾಜ ಒಡೆಯರು ಚನ್ನಪಟ್ಟಣದ ಜಗದೇವರಾಯರ ಸೀಮೆಯನ್ನು ಗೆದ್ದಾಗ ನಾಗಮಂಗಲವೂ ಮೈಸೂರಿಗೆ ಬಂತು.

ಈ ಬೆಟ್ಟಗಳ ನಿಜವಾದ ಪರೀಕ್ಷೆ ನಡೆದದ್ದು 18ನೆಯ ಶತಮಾನದಲ್ಲಿ. 1771ರಲ್ಲಿ ಹೈದರ್ ಅಲಿ ಮೇಲುಕೋಟೆಯ ಬೆಟ್ಟಗಳ ಆಸರೆಯಲ್ಲಿ ಮರಾಠರಿಗೆ ಎದುರು ನಿಂತ. ನಿಲ್ಲಲಾಗದೆ ರಾತ್ರೋರಾತ್ರಿ ಶ್ರೀರಂಗಪಟ್ಟಣದತ್ತ ಹೊರಟಾಗ ಮರಾಠರ ಸರದಾರ ತ್ರಿಂಬಕರಾಯನ ಸೈನ್ಯ ಬೆನ್ನಟ್ಟಿ ಚಿನಕುರಳಿಯ ಬಳಿ ಅವನ ದಂಡನ್ನು ಪುಡಿಗಟ್ಟಿತು. ಗೆದ್ದವರು ತಿರುಗಿ ಮೇಲುಕೋಟೆಗೆ ನುಗ್ಗಿ, ಕಬ್ಬಿಣದ ಆಸೆಗೆ ಮರದ ರಥಗಳಿಗೆ ಬೆಂಕಿ ಇಟ್ಟರೆಂದೂ, ಉರಿ ಕಟ್ಟಡಗಳಿಗೆ ಹಬ್ಬಿತೆಂದೂ ರೈಸ್ ಬರೆಯುತ್ತಾರೆ. ಮೇಲುಕೋಟೆಯಿಂದ ಪಟ್ಟಣಕ್ಕೆ ಇಂದಿನ ರಸ್ತೆಯಲ್ಲಿ ಸುಮಾರು 35 ಕಿ.ಮೀ. ಸೈಕಲ್ಲಿನಲ್ಲಿ ಈ ದಾರಿ ಇಳಿದವರಿಗೆ ಆ ಸೋಲು ಹೇಗಾಯಿತೆಂದು ತಾನಾಗಿ ತಿಳಿಯುತ್ತದೆ. ಬೆಟ್ಟದ ಬುಡ ಬಿಟ್ಟ ಮೇಲೆ ಬಯಲು ಬಿಚ್ಚಿಕೊಳ್ಳುತ್ತದೆ. ತೋಪಿನ ಗಾಡಿಗಳೊಂದಿಗೆ ನಿಧಾನವಾಗಿ ಸಾಗುವ ಕಾಲಾಳಿಗೆ ಕುದುರೆ ದಂಡಿನಿಂದ ಮರೆಯಾಗಲು ಅಲ್ಲಿ ಜಾಗವಿಲ್ಲ.

ಆ ದಾರಿಗೆ ಹತ್ತಿರದಲ್ಲೇ ತೊಣ್ಣೂರು ಕೆರೆ. ಎರಡು ಗುಡ್ಡಗಳ ನಡುವಿನ ಸಂದಿಗೆ ಏರಿ ಹಾಕಿ ನಿಲ್ಲಿಸಿದ ನೀರು. ಕಟ್ಟಿಸಿದವರು ರಾಮಾನುಜರೆಂಬುದು ಪ್ರತೀತಿ. 1746ರಲ್ಲಿ ಬಂದ, ಹೈದರಾಬಾದಿನ ನಿಜಾಮನ ಮಗ ನಾಸಿರ್ ಜಂಗ್ ಇದನ್ನು ಮೋತಿ ತಲಾಬ್ ಎಂದು ಕರೆದ. 1798ರಲ್ಲಿ ಟಿಪ್ಪು ಸುಲ್ತಾನ್ ಏರಿಯನ್ನು ಒಡೆಸಿದ, ನೀರು ಶತ್ರುವಿಗೆ ದಕ್ಕಬಾರದೆಂಬ ಕಾರಣಕ್ಕೆ ಎಂದು ರೈಸ್ ಹೇಳುತ್ತಾರೆ. ಬೆಟ್ಟಗಳ ಬಳಿ ದಂಡು ನಿಲ್ಲಬೇಕೆಂದರೆ ನೀರು ಬೇಕು. ಗೋಡೆಗಿಂತ ಕೆರೆ, ದೊಣೆಗಳೇ ಇಲ್ಲಿ ಮುಖ್ಯವಾಗಿದ್ದವು ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಕುಂತಿಬೆಟ್ಟದ ಕಥೆ ಇನ್ನೂ ವಿಚಿತ್ರ. ಹೈದರ್, ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಈ ಬೆಟ್ಟದ ಬಳಿಯ ಹಿರೋಡೆಯಲ್ಲಿ ಬೀಡುಬಿಟ್ಟಿದ್ದರಿಂದ ಇಂಗ್ಲಿಷರ ಬಾಯಲ್ಲಿ ಅದು ಫ್ರೆಂಚ್ ರಾಕ್ಸ್ ಆಯಿತು. ಅದೇ ಇಂದಿನ ಪಾಂಡವಪುರ. 1792ರ ಫೆಬ್ರವರಿಯಲ್ಲಿ ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸ್ ಬಂದು ಡೇರೆ ಹಾಕಿದ್ದೂ ಇದೇ ಬಂಡೆಗಳ ಬಳಿ. ಫೆಬ್ರವರಿ 6ರ ರಾತ್ರಿ ಮೂರು ದಂಡುಗಳು ಟಿಪ್ಪುವಿನ ಪಾಳೆಯದ ಮೇಲೆ ಹೊರಟವು. ಎಡದ ದಂಡಿನ ಮುಖ್ಯಸ್ಥ ಕರ್ನಲ್ ಮ್ಯಾಕ್ಸ್‌ವೆಲ್‌ಗೆ ಒಪ್ಪಿಸಿದ್ದ ಕೆಲಸ ಕರಿಘಟ್ಟ. ಬೆಟ್ಟ ಅಂದು ರಾತ್ರಿಯೇ ಟಿಪ್ಪುವಿನ ಕೈಬಿಟ್ಟಿತು. ಮಾರ್ಚ್ 18ರಂದು ಒಪ್ಪಂದವಾಗಿ ಮೈಸೂರು ಅರ್ಧ ರಾಜ್ಯ ಕಳೆದುಕೊಂಡಿತು, 3 ಕೋಟಿ 30 ಲಕ್ಷ ರೂಪಾಯಿಯ ದಂಡವೂ ಅದರ ತಲೆಗೆ ಬಂತು.

ಹಾಗಾದರೆ ಇವು ದುರ್ಬಲ ಕೋಟೆಗಳೇ? ಆ ಪ್ರಶ್ನೆಯೇ ಸರಿಯಲ್ಲ. ಚಿತ್ರದುರ್ಗದಂತೆ ತಿಂಗಳುಗಟ್ಟಲೆ ಮುತ್ತಿಗೆ ತಡೆಯಲು ಕರಿಘಟ್ಟವನ್ನು ಯಾರೂ ಸಜ್ಜು ಮಾಡಿರಲಿಲ್ಲ. ಕಣ್ಣಿಡುವುದು, ಸುದ್ದಿ ಕೊಡುವುದು, ಶತ್ರು ತೋಪು ಏರಿಸದಂತೆ ನೆತ್ತಿಯನ್ನು ಹಿಡಿದಿರುವುದು, ಇಷ್ಟೇ ಅವುಗಳ ಕೆಲಸ. ರೈಸ್ ಕೊಡುವ ಲೆಕ್ಕದಲ್ಲಿ ಕರಿಘಟ್ಟ ಸಮುದ್ರಮಟ್ಟದಿಂದ 2,697 ಅಡಿ. ಎತ್ತರವೇನೂ ಅಲ್ಲ, ಆದರೆ ಮೇಲಿಂದ ನೋಡಿದರೆ ಕಾವೇರಿಯ ಕವಲು, ದ್ವೀಪ, ಪಟ್ಟಣ ಎಲ್ಲವೂ ಕಣ್ಣಳತೆಯಲ್ಲೇ ಇವೆ. ಈ ಸಾಲಿನಲ್ಲಿ ದುರ್ಗವೆಂಬ ಹೆಸರಿಗೆ ಪೂರ್ತಿ ತಕ್ಕದ್ದು ಕೃಷ್ಣರಾಜಪೇಟೆ ತಾಲ್ಲೂಕಿನ ರಾಯಸಮುದ್ರದ ಬಳಿಯ ನಾರಾಯಣದುರ್ಗ ಒಂದೇ. ಅದರ ಕಡಿದಾದ ಬಂಡೆಯನ್ನು ಕೈಕಾಲು ಊರಿಯೇ ಹತ್ತಬೇಕು.

ಶಾಸನಗಳು ಇಲ್ಲಿ ಹೆಚ್ಚು ನೆರವಾಗುವುದಿಲ್ಲ. ಎಪಿಗ್ರಾಫಿಯಾ ಕರ್ನಾಟಿಕದ ಪರಿಷ್ಕೃತ 6ನೆಯ ಸಂಪುಟ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ಮೂರನ್ನೂ ಒಟ್ಟಿಗೆ ಕೊಡುತ್ತದೆ. ಅದರಲ್ಲಿ ದತ್ತಿ, ಅಗ್ರಹಾರ, ನಂದಾದೀಪಗಳ ಮಾತು ಧಾರಾಳ. ಬೆಟ್ಟದ ಗೋಡೆ ಕಟ್ಟಿದವರ ಮಾತು ವಿರಳ. ಆದ್ದರಿಂದ ಗೋಡೆಯನ್ನೇ ಕೇಳಬೇಕು. ಬಂಡೆಯ ಮೇಲೆ ಸಾಲಾಗಿ ಚೌಕನೆಯ ಬೆಣೆಕುಳಿಗಳಿದ್ದರೆ ಉಳಿ ಸುತ್ತಿಗೆಯಲ್ಲಿ ಕಲ್ಲು ಸೀಳಿದ ಹಳೆಯ ಕೈಕೆಲಸ. ದುಂಡನೆಯ ಉದ್ದ ತೂತಿದ್ದರೆ ಡ್ರಿಲ್ಲಿಂಗ್ ಯಂತ್ರದ್ದು. ಗಾರೆಯಿಲ್ಲದ ಒಣಗೋಡೆ ಎಲ್ಲಿ ಮುಗಿದು ಗಾರೆಯ ಕಟ್ಟಡ ಎಲ್ಲಿ ಶುರುವಾಗುತ್ತದೆ ಎಂಬುದು ಕಾಲಾನುಕ್ರಮದ ಮೊದಲ ಸುಳಿವು. ಇವು ಉಪಗ್ರಹ ಚಿತ್ರದಲ್ಲಿ ಕಾಣುವುದಿಲ್ಲ, ಕಾರಿನ ಕಿಟಕಿಯಿಂದಲೂ ಕಾಣುವುದಿಲ್ಲ. ನಡೆದೇ ನೋಡಬೇಕು.

ನೋಡುವ ಅವಕಾಶವೂ ಶಾಶ್ವತವೇನಲ್ಲ. ಪಾಂಡವಪುರ ತಾಲ್ಲೂಕಿನ ಬೇಬಿಬೆಟ್ಟದ ಕಲ್ಲುಗಣಿಗಳಿಂದ ಕನ್ನಂಬಾಡಿ ಅಣೆಕಟ್ಟಿಗೆ (ಕೆಆರ್‌ಎಸ್) ಅಪಾಯವೆಂಬ ವಿವಾದ ಎಲ್ಲರಿಗೂ ತಿಳಿದದ್ದೇ. 2024ರ ಜನವರಿಯಲ್ಲಿ ಹೈಕೋರ್ಟ್ ಕನ್ನಂಬಾಡಿ ಕಟ್ಟೆಯ ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆಗೆ ತಡೆ ಹಾಕಿತು. ಆ ಆದೇಶ ಉಳಿಸುವುದು ಅಣೆಕಟ್ಟನ್ನು, ಕೋಟೆಯನ್ನಲ್ಲ. ಮೇಲುಕೋಟೆ ಆ ವ್ಯಾಪ್ತಿಯಿಂದ ಹೊರಗಿದೆ. ಅಲ್ಲಿಯ ಕಾಡಿಗೆ 1974ರಲ್ಲಿ ಘೋಷಿತವಾದ ವನ್ಯಜೀವಿಧಾಮದ ರಕ್ಷಣೆ ಇದೆ. ಆ ರಕ್ಷಣೆಯೂ ಕಾಡಿನ ಹೆಸರಿನಲ್ಲಿ, ಗೋಡೆಯ ಹೆಸರಿನಲ್ಲಲ್ಲ.

ಈ ಬೆಟ್ಟಗಳಿಗೆ ವಾರಾಂತ್ಯದಲ್ಲಿ ಬರುವ ಸೈಕಲ್ ಸವಾರರೂ ಚಾರಣಿಗರೂ ನೂರಾರು ಫೋಟೊ ತೆಗೆಯುತ್ತಾರೆ. ಮುಂದಿನ ಸಲ ಅರಣ್ಯ ಇಲಾಖೆಯ ಅನುಮತಿ ಪಡೆದು ಹತ್ತಿ. ಸೂರ್ಯೋದಯದ ಜೊತೆಗೆ ಗೋಡೆಯ ಒಂದು ತುಂಡಿನ ಚಿತ್ರವನ್ನೂ ತೆಗೆಯಿರಿ, ಪಕ್ಕದಲ್ಲಿ ಅಳತೆಗೆ ಒಂದು ಕೋಲು ಇಡಿ, ಜಾಗದ ಗುರುತು ಬರೆದುಕೊಳ್ಳಿ. ಅದನ್ನು ರಾಜ್ಯ ಪುರಾತತ್ವ ಇಲಾಖೆಗೆ ಕಳಿಸಿ. ಒಂದು ಕಲ್ಲನ್ನೂ ಅಲುಗಿಸಬೇಡಿ.